ಸೀಲು ಒಡೆಯದೆ ಹೋದ ತಂಪು

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯನಲ್ಲ. ಹಾಲಿನವನು ಹಾಕಿಹೋದ ಹಾಲನ್ನು ಮತ್ತೊಮ್ಮೆ ಅಳೆದು ನೋಡುತ್ತೇನೆ, ನಿಜ. ಅದು ಅಳತೆಯ ಮೇಲಿನ ಪ್ರೀತಿ. ಬೀಗ ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಅದು ಮೊಣಕಾಲಿಗೆ ವ್ಯಾಯಾಮ. ಆದರೂ ನಮ್ಮ ಕಟ್ಟಡದ ಜನ ಬೆನ್ನ ಹಿಂದೆ ನನ್ನನ್ನು ಸೀಲಪ್ಪ ಎನ್ನುತ್ತಾರೆ. ಅದಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ದೊಡ್ಡ ಗೋದಾಮೊಂದರಲ್ಲಿ ಸಂಜೆ ಬಾಗಿಲು ಮುಚ್ಚಿದ ಮೇಲೆ ಬೀಗಗಳಿಗೆ ದಾರ ಸುತ್ತಿ, ಅರಗು ಕಾಯಿಸಿ ಹಾಕಿ, ಹಿತ್ತಾಳೆ ಮೊಹರು ಒತ್ತುವವನು ನಾನು. ಬೆಳಿಗ್ಗೆ ಸೀಲು ಸರಿಯಾಗಿದೆ ಎಂದು ನಾನು ಹೇಳುವ ತನಕ ಮ್ಯಾನೇಜರೂ ಬಾಗಿಲು ಮುಟ್ಟುವಂತಿಲ್ಲ. ಸೀಲು ಸರಿಯಿದ್ದರೆ ಒಳಗಿನ ಮಾಲೂ ಸರಿಯಿದೆ ಎಂದರ್ಥ. ಇಷ್ಟು ವರ್ಷದಲ್ಲಿ ಈ ನಂಬಿಕೆ ನನಗೆ ಕೈಕೊಟ್ಟಿರಲಿಲ್ಲ.

ನನ್ನ ಎದುರಿಗೇ ಸೀಲಪ್ಪ ಎಂದು ಕರೆಯುವ ಧೈರ್ಯವಿದ್ದದ್ದು ಎದುರುಮನೆಯ ಕಂಪೌಂಡರಿಗೆ ಮಾತ್ರ. ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಔಷಧಿ ಕಲಸಿ ನಿವೃತ್ತರಾದವರು. ಅವರ ಬಾಯಲ್ಲಿ ಆ ಹೆಸರು ಕೇಳಿದರೆ ನನಗೆ ಬೇಸರವಾಗುತ್ತಿರಲಿಲ್ಲ. ದಿನಾ ಸಂಜೆ ನಾವಿಬ್ಬರೂ ಚದುರಂಗ ಆಡುತ್ತಿದ್ದೆವು. ಗೋದಾಮಿನಿಂದ ಬಂದವನು ಕಾಲು ತೊಳೆದು ಕಾಯಿಗಳನ್ನು ಜೋಡಿಸುವ ಹೊತ್ತಿಗೆ ಎದುರು ಬಾಗಿಲ ಚಿಲಕದ ಸದ್ದಾಗಬೇಕು. ಆ ಸದ್ದು ಕೇಳದಿದ್ದರೆ ನನಗೆ ಆ ದಿನ ಊಟ ಸೇರುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಆಟದಲ್ಲಿ ಅದನ್ನೇ ಬಳಸಿಕೊಂಡಾರು ಎಂಬ ಮುನ್ನೆಚ್ಚರಿಕೆ.

ಈ ಬೇಸಿಗೆಯ ಆರಂಭದಲ್ಲಿ ನಮ್ಮ ಮನೆಗೆ ಏಸಿ ಬಂತು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡನ್ನೂ ಕೊಡುವ ಜಾತಿಯದು. ನಮ್ಮ ಮಹಡಿಯಲ್ಲಿ ಅಂಥದ್ದು ಅದೇ ಮೊದಲು. ಕೂರಿಸಿಕೊಡಲು ಬಂದ ಮೆಕ್ಯಾನಿಕ್ ಹೊರಡುವಾಗ ಮುಂದಿನ ಮುಚ್ಚಳ ಎತ್ತಿ, ಒಳಗಿದ್ದ ಜಾಲರಿಯೊಂದನ್ನು ಎಳೆದು ತೋರಿಸಿ, ಇದನ್ನು ಆಗಾಗ ತೆಗೆದು ತೊಳೆಯುತ್ತಿರಿ, ಇಲ್ಲದಿದ್ದರೆ ಧೂಳು ಕಟ್ಟಿಕೊಳ್ಳುತ್ತದೆ ಎಂದ. ನಾನು ತಲೆಯಾಡಿಸಿದೆ. ಅವನು ಮೆಟ್ಟಿಲಿಳಿದ ಕೂಡಲೇ ಯೋಚನೆಗೆ ಬಿದ್ದೆ. ಮಾರಿದವನ ಕಡೆಯವನೇ ಬಿಚ್ಚಿ ಬಿಚ್ಚಿ ಎನ್ನುತ್ತಾನೆ ಎಂದರೆ ಅದರಲ್ಲೇನೋ ಇದೆ. ಇವತ್ತು ನನ್ನ ಕೈಯಲ್ಲಿ ಬಿಚ್ಚಿಸುತ್ತಾನೆ. ನಾಳೆ ಬಿಚ್ಚುವುದೇ ರೂಢಿಯಾದ ಮೇಲೆ ತಾನೇ ಬಂದು ಬಿಚ್ಚುತ್ತಾನೆ. ನಾಡಿದ್ದು ಒಳಗಿನ ಒಳ್ಳೆಯ ಭಾಗ ಚೀಲಕ್ಕೆ ಸೇರಿ ಯಾವುದೋ ಹಳೆಯದು ಅಲ್ಲಿ ಕೂತಿರುತ್ತದೆ. ಇಂಥದ್ದಕ್ಕೆ ಜಗತ್ತು ಕಂಡುಹಿಡಿದಿರುವ ಉಪಾಯ ಒಂದೇ, ಮತ್ತು ಅದರಲ್ಲಿ ನಾನು ಪಳಗಿದವನು. ಬಿಳಿ ಕಾಗದದ ಪಟ್ಟಿಗಳ ಮೇಲೆ ಅಡ್ಡಡ್ಡ ಸಹಿ ಹಾಕಿ, ಮುಚ್ಚಳ ತೆರೆಯುವ ಸಂದುಗಳಿಗೆಲ್ಲ ಗೋಂದಿನಿಂದ ಅಂಟಿಸಿದೆ. ಇನ್ನು ಸಹಿ ಹರಿಯದೆ ಒಳಗೆ ಇರುವೆಯೂ ಹೋಗುವಂತಿರಲಿಲ್ಲ.

ನಿರ್ವಹಣೆಯಲ್ಲಿ ನಾನು ಕೊರತೆ ಮಾಡಿದೆನೆಂದು ಯಾರೂ ಹೇಳಬಾರದು. ದಿನಾ ಬೆಳಿಗ್ಗೆ ಸ್ಟೂಲು ಹತ್ತಿ, ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಅದರ ಹೊರಮೈ ಒರೆಸುತ್ತಿದ್ದೆ. ಮೇಲೆ ಅಂಟಿಕೊಂಡು ಬಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಹೆಂಡತಿಗೆ ಬಿಡಲಿಲ್ಲ. ತಂಪು ಸೋರಿಹೋಗದಂತೆ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಪಂಚೆ ತುರುಕಿದೆ. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ತಮ್ಮ ಹೊಲಿಗೆ ಯಂತ್ರವನ್ನು ಸೀದಾ ಏಸಿಯ ಕೆಳಗೇ ತಂದಿಟ್ಟುಕೊಂಡರು. ಅವರು ಕಣ್ಣಿಗೆ ಬಿದ್ದ ವಸ್ತುವಿಗೆಲ್ಲ ಗೌಸು ಹೊಲಿಯುವವರು. ಮಿಕ್ಸಿಗೆ ಕೆಂಪು ಗೌಸು, ಫ್ರಿಜ್ಜಿಗೆ ಹಸಿರು, ರೇಡಿಯೋಗೆ ನೀಲಿ. ಗೌಸುಗಳನ್ನು ಇಡುವ ಪೆಟ್ಟಿಗೆಗೂ ಒಂದು ಗೌಸಿತ್ತು. ಈಗ ತಂಪಿನಲ್ಲಿ ಕೂತು, ಅವಕ್ಕೆಲ್ಲ ಅದೇ ಬಣ್ಣದ ಹೊಸ ಜೋಡಿ ಹೊಲಿಯಲು ಇನ್ನಷ್ಟು ಹುರುಪಿನಿಂದ ಬಟ್ಟೆ ಹರಿದರು, ಹತ್ತಿ ತುಂಬಿದರು, ನೂಲು ಕತ್ತರಿಸಿದರು.

ಮೊದಲ ಸಂಜೆ ಕಂಪೌಂಡರು ಬಂದಾಗ ಏಸಿಯನ್ನು ತೀರಾ ಕೆಳಗಿನ ಅಂಕಿಗೆ ಇಟ್ಟಿದ್ದೆ. ಅವರು ಸ್ವಲ್ಪ ಹೊತ್ತು ಕೈ ಉಜ್ಜಿಕೊಂಡು ಕೂತರು, ಆಮೇಲೆ ಎದ್ದು ಹೋಗಿ ಉಣ್ಣೆಯ ಶಾಲು ಹೊದ್ದು ಬಂದರು. "ಏನ್ ಸೀಲಪ್ಪ, ಮನೆಯೊಳಗೆ ಮಂಜು ಸುರೀತಿದೆಯಲ್ಲ," ಎಂದರು. ಆ ಮಾತು ನನ್ನ ಕಿವಿಯಲ್ಲಿ ವಾರಗಟ್ಟಲೆ ಉಳಿಯಿತು. ಆ ಮಾತನ್ನು ನಾನು ಗೋದಾಮಿನಲ್ಲಿ ಹೇಳಿದೆ, ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಕಟ್ಟಡದ ಸೆಕ್ರೆಟರಿಗೂ ಹೇಳಿದೆ. ಆ ಸಂಜೆಯ ಆಟವನ್ನೂ ನಾನೇ ಗೆದ್ದೆ. ಮೊದಲೆಲ್ಲ ಅವರೇ ಗೆಲ್ಲುತ್ತಿದ್ದದ್ದು ಹೆಚ್ಚು. ಏಸಿ ಬಂದಂದಿನಿಂದ ನಾನು ಸೋಲಲೇ ಇಲ್ಲ. ತಂಪು ಮೆದುಳಿಗೆ ಒಳ್ಳೆಯದು ಎಂದು ತೀರ್ಮಾನಿಸಿದೆ.

ಬೇಸಿಗೆ ಏರುತ್ತ ಹೋದಂತೆ ಒಂದು ವಿಚಿತ್ರ ನಡೆಯತೊಡಗಿತು. ನನಗೆ ಬೆವರಲಾರಂಭಿಸಿತು. ಏಸಿ ಗುಂಯ್‌ಗುಡುತ್ತಿದೆ, ದೀಪ ಉರಿಯುತ್ತಿದೆ, ಅಂಕಿ ಕೆಳಗೇ ಇದೆ, ನನ್ನ ಬನಿಯನ್ ಮಾತ್ರ ಬೆನ್ನಿಗೆ ಅಂಟಿಕೊಳ್ಳುತ್ತಿದೆ. ಎದುರಿಗೆ ಕೂತ ಕಂಪೌಂಡರು ಶಾಲನ್ನು ಕತ್ತಿನವರೆಗೂ ಎಳೆದುಕೊಂಡು ಕುದುರೆ ನಡೆಸುತ್ತಿದ್ದಾರೆ. ಚಳಿಯೇ ಎಂದು ಕೇಳಿದರೆ ಹೂಂ ಎನ್ನುತ್ತಾರೆ. ನನಗೇ ಏನೋ ಆಗಿದೆಯೆಂದು ಡಾಕ್ಟರ ಹತ್ತಿರ ಹೋದೆ. ಅವರು ನಾಡಿ ನೋಡಿ, ನಾಲಿಗೆ ನೋಡಿ, ನಿಮಗೆ ಸೆಕೆಯಾಗುತ್ತಿದೆ ಅಷ್ಟೇ ಎಂದರು. ಏಸಿ ಕೆಳಗೆ ಕೂತವನಿಗೆ ಸೆಕೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಮುಂದಿನವರನ್ನು ಕರೆದರು. ಈ ಡಾಕ್ಟರ ಮೇಲೂ ನನಗೆ ಮೊದಲಿನಷ್ಟು ನಂಬಿಕೆ ಉಳಿಯಲಿಲ್ಲ.

"ರೀ, ಏಸಿ ತಣ್ಣಗೆ ಮಾಡ್ತಿಲ್ಲ," ಎಂದಳು ಹೆಂಡತಿ. "ಆ ಮೆಕ್ಯಾನಿಕ್‌ನ ಒಂದ್ಸಲ ಕರೀರಿ."

ನಾನು ಸ್ಟೂಲು ಹತ್ತಿ ಪಟ್ಟಿಗಳನ್ನೆಲ್ಲ ಪರೀಕ್ಷಿಸಿದೆ. ಸಹಿಗಳು ಹೇಗಿದ್ದವೋ ಹಾಗೇ ಇದ್ದವು. ಅಂದರೆ ಯಂತ್ರ ಸರಿಯಿದೆ. ಯಂತ್ರ ಸರಿಯಿದ್ದ ಮೇಲೆ ತಂಪು ಹುಟ್ಟುತ್ತಲೇ ಇದೆ. ಹುಟ್ಟಿದ ತಂಪು ನನಗೆ ಸಿಗುತ್ತಿಲ್ಲವೆಂದರೆ ಇನ್ನಾರಿಗೋ ಸಿಗುತ್ತಿದೆ. ನನ್ನ ವೃತ್ತಿಯಲ್ಲಿ ಸೀಲು ಒಡೆದು ಮಾಲು ಹೋದದ್ದನ್ನು ಕಂಡಿದ್ದೇನೆ. ಸೀಲು ಒಡೆಯದೆ ಮಾಲು ಹೋದದ್ದು ಇದೇ ಮೊದಲು. ಇದು ಸಾಮಾನ್ಯ ಕಳ್ಳನ ಕೆಲಸವಲ್ಲ ಎಂದು ಮನಸ್ಸು ಹೇಳಿತು.

ಮಾರನೆಯ ದಿನ ಇಸ್ತ್ರಿಪೆಟ್ಟಿಗೆ ಕೇಳುವ ನೆಪದಲ್ಲಿ ಎದುರುಮನೆಗೆ ಹೋದೆ. ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಏಸಿಯಿಲ್ಲ, ಕೂಲರಿಲ್ಲ, ಮೇಲೆ ಒಂದು ಹಳೆಯ ಫ್ಯಾನು ಕಿರ್ ಕಿರ್ ಎನ್ನುತ್ತಿದೆ, ಅಷ್ಟಾಗಿಯೂ ಮನೆ ತಣ್ಣಗಿದೆ. ಎರಡೂ ಬದಿಯ ಕಿಟಕಿಗಳು ಹಾರುಹೊಡೆದಿದ್ದವು. ಕಳವು ಮಾಡುವವನು ಕಿಟಕಿ ತೆರೆದಿಟ್ಟು ಗಾಳಿಯ ನೆಪ ಹೇಳುವುದು ಸಹಜವೇ. ಹಿಂದಿನ ಬಾಲ್ಕನಿಗೆ ಇಣುಕಿದೆ. ನಮ್ಮ ಏಸಿಯಿಂದ ನೀರು ಹೊರಹೋಗುವ ಪೈಪು ಎರಡೂ ಮನೆಗಳ ಹಿಂದಿನ ಗೋಡೆಯಗುಂಟ ಬಂದು ಅಲ್ಲಿ ಬಾಯಿ ಬಿಟ್ಟಿತ್ತು. ಅದರ ಕೆಳಗೆ ಒಂದು ಬಕೆಟ್ಟು. ನಮ್ಮ ನೀರು ತೊಟ್ಟು ತೊಟ್ಟಾಗಿ ಅವರ ಬಕೆಟ್ಟಿಗೆ ಬೀಳುತ್ತಿತ್ತು. ಕಂಪೌಂಡರ ಹೆಂಡತಿ ನಾಚಿಕೆಯಿಲ್ಲದೆ, ಈ ನೀರು ಹಾಕಿದ ಮೇಲೆ ಕುಂಡದ ಗಿಡಗಳು ಚೆನ್ನಾಗಿ ಚಿಗುರಿವೆ ಎಂದರು.

ನೀರೇ ಹೋಗುತ್ತಿದೆ ಎಂದ ಮೇಲೆ ತಂಪು ಹೋಗದೆ ಇರುತ್ತದೆಯೇ. ದಾರಿ ಸಿಕ್ಕಿತು. ಆದರೆ ಆ ಶಾಲು ಯಾಕೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಅದೂ ಬಸ್ ಸ್ಟಾಪಿನಲ್ಲಿ ಬಗೆಹರಿಯಿತು. ಅಲ್ಲಿ ಐಸ್ ಮಾರುವವನು ಐಸಿನ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಯಾಕಪ್ಪಾ ಎಂದೆ. ಸುತ್ತದಿದ್ದರೆ ತಣ್ಣಗಿನದೆಲ್ಲ ಹೋಗಿಬಿಡುತ್ತೆ ಎಂದ. ನನ್ನ ಮೈ ಜುಂ ಎಂದಿತು. ಉಣ್ಣೆಯ ಶಾಲು ಹೊದ್ದು ಬಂದು, ತಂಪಿನಲ್ಲಿ ಸಂಜೆಯೆಲ್ಲ ಕೂತು, ಅದನ್ನು ಬಿಗಿಯಾಗಿ ಸುತ್ತಿಕೊಂಡು ಎದ್ದು ಹೋಗುವುದರ ಅರ್ಥ ಈಗ ಹೊಳೆಯಿತು. ಪೈಪಿನಲ್ಲಿ ಹೋಗುವುದು ಹಗಲಿನ ಪಾಲು, ಶಾಲಿನಲ್ಲಿ ಹೋಗುವುದು ಸಂಜೆಯ ಪಾಲು. ಅಂದು ಆಟ ಮುಗಿದು ಅವರು ಎದ್ದಾಗ, ನೂಲು ಅಂಟಿದೆ ಎಂದು ನೆಪ ಹೇಳಿ ಶಾಲನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಔಷಧಿ ಕಲಸಿದ ಕೈ, ಮುಟ್ಟಿ ನೋಡಿದವರಿಗೆ ತಂಪು ಸಿಗದಂತೆ ಮೊದಲೇ ಉಪಾಯ ಮಾಡಿಕೊಂಡಿರುತ್ತದೆ.

ಇದನ್ನೆಲ್ಲ ಹೆಂಡತಿಗೆ ಪಿಸುಮಾತಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿ, ನಿಮಗೆ ಸೆಕೆ ತಲೆಗೇರಿದೆ ಎಂದು ಅಡಿಗೆಮನೆಗೆ ಹೋದಳು. ಅತ್ತೆಯವರು ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟರು. "ಅಳಿಯಂದ್ರೆ, ಹೊರಗಿಟ್ಟಿರೋ ಆ ಡಬ್ಬಕ್ಕೆ ಗೌಸೇ ಇಲ್ಲ. ಬಟ್ಟೆ ಇಲ್ಲದೆ ನಿಲ್ಲಿಸಿದ್ರೆ ಯಾರು ಬೇಕಾದ್ರೂ ಕೈ ಹಾಕ್ತಾರೆ," ಎಂದರು. ಬಾಲ್ಕನಿಯಲ್ಲಿದ್ದ ಏಸಿಯ ಹೊರಪೆಟ್ಟಿಗೆಗೆ ಎರಡು ಪದರದ, ಒಳಗೆ ಹತ್ತಿ ಕೊಟ್ಟ, ಸುತ್ತ ಝಾಲರು ಇಟ್ಟ ಗೌಸು ಎರಡೇ ದಿನದಲ್ಲಿ ಸಿದ್ಧವಾಯಿತು. ಶನಿವಾರ ಸಂಜೆ ಅದನ್ನು ತೊಡಿಸಿ, ಲಾಡಿ ಬಿಗಿದು, ಗಂಟಿನ ಮೇಲೆ ಅರಗು ಹಾಕಿ, ಹಳೆಯ ಕೋಟಿನ ಗುಂಡಿಯಿಂದ ಮೊಹರು ಒತ್ತಿದೆ. ಆಫೀಸಿನ ಮೊಹರನ್ನು ಮನೆಗೆ ತರುವಷ್ಟು ಹೀನನಲ್ಲ ನಾನು. ಆಮೇಲೆ ಸೀದಾ ಸೆಕ್ರೆಟರಿಯ ಮನೆಗೆ ಹೋಗಿ ದೂರು ಕೊಟ್ಟೆ.

ನಮ್ಮ ಸೆಕ್ರೆಟರಿ ವಿಚಾರಣೆಯೆಂದರೆ ಪ್ರಾಣ ಬಿಡುವ ಮನುಷ್ಯ. ಹಿಂದೆ ಯಾರದೋ ಚಪ್ಪಲಿ ಅದಲು ಬದಲಾದದ್ದಕ್ಕೆ ಇಡೀ ಕಟ್ಟಡವನ್ನು ಬರಿಗಾಲಲ್ಲಿ ನಿಲ್ಲಿಸಿದ್ದರು. ಏನು ಕಳುವಾಗಿದೆ ಎಂದು ಕೇಳಿದರು. ತಂಪು ಎಂದೆ. ಅವರು ಕಣ್ಣು ಮಿಟುಕಿಸದೆ, ಎಲ್ಲವೂ ಕಳುವಾಗಿದೆಯೋ ಅಥವಾ ಸ್ವಲ್ಪ ಉಳಿದಿದೆಯೋ ಎಂದರು. ಅಧಿಕಾರಿಯೆಂದರೆ ಹಾಗಿರಬೇಕು. ಭಾನುವಾರ ಮಧ್ಯಾಹ್ನ ಸ್ಥಳ ಪರಿಶೀಲನೆ ಎಂದು ನಿಗದಿಯಾಯಿತು. ಕಟ್ಟಡದವರನ್ನು ಕರೆಯಬೇಕಾಗಲಿಲ್ಲ, ಸುದ್ದಿ ಕೇಳಿ ತಾವೇ ಬಂದರು.

ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಫಾದ ಕೈಗಳ ಮೇಲೂ ಜನ ಕೂತಿದ್ದರು. ಕಿಟಕಿಗಳನ್ನು ಮುಚ್ಚಿ, ಪಂಚೆ ತುರುಕಿ, ಏಸಿಯನ್ನು ಹಾಕಿದೆ. ಸೆಕ್ರೆಟರಿ ಸ್ಟೂಲು ಹತ್ತಿ ಒಳಗಿನ ಪಟ್ಟಿಗಳನ್ನೂ, ಬಾಲ್ಕನಿಗೆ ಹೋಗಿ ಹೊರಗಿನ ಅರಗನ್ನೂ ನೋಡಿ, ಸೀಲು ಸರಿಯಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಆಮೇಲೆ ಕಂಪೌಂಡರನ್ನು ಕರೆಸಿದರು. ಅವರು ಎಂದಿನಂತೆ ಶಾಲು ಹೊದ್ದೇ ಬಂದರು, ಹಿಂದೆ ಅವರ ಹೆಂಡತಿ. ವಿಷಯವನ್ನು ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಬಂದವರೇ ಅಭ್ಯಾಸಬಲದಿಂದ ಚದುರಂಗದ ಮಣೆಯ ಎದುರಿನ ಕುರ್ಚಿಯಲ್ಲಿ ಕೂತರು.

ಸೆಕ್ರೆಟರಿ ನನ್ನ ದೂರನ್ನು ಒಂದೊಂದಾಗಿ ವಿವರಿಸಿದರು. ಪೈಪು, ಬಕೆಟ್ಟು, ಗಿಡ, ಶಾಲು. ಯಾರೋ ಕಿಸಕ್ಕನೆ ನಕ್ಕರು. ಕಂಪೌಂಡರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏಸಿಯನ್ನು ನೋಡುತ್ತಿದ್ದೆ.

"ಒಂದೇ ಪ್ರಶ್ನೆ," ಎಂದರು ಸೆಕ್ರೆಟರಿ. ಅವರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಈ ಮನೆಯಲ್ಲಿ ಈಗ ತಂಪಿದೆಯೋ ಇಲ್ಲವೋ?"

ಕಂಪೌಂಡರು ಶಾಲನ್ನು ಕತ್ತಿಗೆ ಎಳೆದುಕೊಂಡು, "ಇದೆ," ಎಂದರು.

ಇಡೀ ನಡುಮನೆ ಬೆವರಿನಲ್ಲಿ ತೊಯ್ದು ಕೂತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು. ಇಷ್ಟು ಜನರಿಗೆ ಸಿಗದ ತಂಪು ಇವರೊಬ್ಬರಿಗೆ ಸಿಗುತ್ತಿದೆಯೆಂದರೆ ಇನ್ನೇನು ಸಾಕ್ಷಿ ಬೇಕು. "ಶಾಲು ತೆಗೆಸಿ ನೋಡಿ," ಎಂದೆ. ಅವರು ಬೇಡ ಎಂದರು. ಸೆಕ್ರೆಟರಿ ಗದರಿದರು. ಆಗ ಬಾಗಿಲಲ್ಲಿದ್ದ ಕಂಪೌಂಡರ ಹೆಂಡತಿ ಮುಂದೆ ಬಂದು, ಗಂಡ ತಡೆಯುವಷ್ಟರಲ್ಲಿ ಶಾಲನ್ನು ಎಳೆದೇಬಿಟ್ಟರು.

ಕತ್ತು, ಹೆಗಲು, ತೋಳು ಎಲ್ಲ ಕೆಂಪಗೆ ಬೆವರುಸಾಲೆ ಎದ್ದಿತ್ತು. ಅದರ ಮೇಲೆ ದಪ್ಪಗೆ ಬಳಿದ ಬಿಳಿ ಪೌಡರು ಬೆವರಿಗೆ ಕರಗಿ ಗೆರೆಗೆರೆಯಾಗಿ ಇಳಿದಿತ್ತು.

"ತಂಪು ಕದ್ದವರ ಮೈ ನೋಡಿ," ಎಂದರು ಆಕೆ. "ಬೇಸಿಗೆಯೆಲ್ಲ ದಿನಾ ರಾತ್ರಿ ನಾನು ಪೌಡರು ಹಚ್ಚಿದೀನಿ. ಅವರ ಏಸಿ ಕೆಟ್ಟಿದೆ ಅಂತ ಹೇಳಿಬಿಡಿ ಅಂದ್ರೆ, ಬೇಡ ಕಣೇ, ಚಳಿ ಅಂದ್ರೆ ಸೀಲಪ್ಪನ ಮುಖ ಅರಳುತ್ತೆ ಅಂತಿದ್ರು."

ಆಗಲೇ ಬಾಲ್ಕನಿಯಿಂದ ಗೊರಗೊರ ಸದ್ದು ಬಂತು. ಗೌಸು ಹೊದ್ದ ಪೆಟ್ಟಿಗೆ ಒಮ್ಮೆ ನಡುಗಿ, ಸುಟ್ಟ ಹತ್ತಿಯ ವಾಸನೆ ಬಿಟ್ಟು, ನಿಂತುಹೋಯಿತು. ಹೆಂಡತಿ ಓಡಿಹೋಗಿ ಸ್ವಿಚ್ಚು ಆರಿಸಿದಳು. ಆಮೇಲೆ ಸ್ಟೂಲು ಹತ್ತಿ, ನಾನು ಕೂಗುವಷ್ಟರಲ್ಲಿ, ನನ್ನ ಸಹಿಗಳನ್ನೆಲ್ಲ ಪರಪರ ಹರಿದು ಮುಚ್ಚಳ ಎತ್ತಿ ಜಾಲರಿಯನ್ನು ಎಳೆದಳು. ಜಾಲರಿಯ ಜೊತೆಗೆ ಒಂದು ಸಣ್ಣ ಕಂಬಳಿಯೇ ಈಚೆ ಬಂತು. ಧೂಳು, ನೂಲು, ಹತ್ತಿ ಎಲ್ಲ ಸೇರಿ ಒತ್ತೊತ್ತಾಗಿ ಕೂತು ಗಾಳಿ ನುಸುಳಲು ದಾರಿ ಇಲ್ಲದಂತೆ ಮುಚ್ಚಿಬಿಟ್ಟಿತ್ತು. ಅತ್ತೆಯವರು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಇದು ಫ್ರಿಜ್ಜಿನ ಹಸಿರು. ಇದು ರೇಡಿಯೋದ ನೀಲಿ," ಎಂದರು. ಅವರ ದನಿಯಲ್ಲಿ ಸ್ವಲ್ಪ ಅಭಿಮಾನವೂ ಇತ್ತು. "ಅಳಿಯಂದ್ರೆ, ಒಳಗೆ ಆಗಲೇ ಒಂದು ಗೌಸು ಇತ್ತಲ್ಲ."

ಕಟ್ಟಡ ಬಿದ್ದು ಬಿದ್ದು ನಕ್ಕಿತು. ಸೆಕ್ರೆಟರಿಯೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ನಗದೆ ಉಳಿದವರು ನಾವಿಬ್ಬರೇ. ಕಂಪೌಂಡರು ಎದ್ದು, ಎದುರಿಗಿದ್ದ ಮಣೆಯನ್ನು ಒಮ್ಮೆ ನೋಡಿ, ಶಾಲು ಅಲ್ಲೇ ಬಿಟ್ಟು ಹೋದರು. ಎದುರು ಬಾಗಿಲ ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು.

ಮೆಕ್ಯಾನಿಕ್ ಬಂದ, ಬಿಚ್ಚಿದ, ತೊಳೆದ, ಹೊರಗಿನ ಗೌಸನ್ನು ಬೆರಳ ತುದಿಯಲ್ಲಿ ಹಿಡಿದು ಅತ್ತೆಯವರಿಗೆ ಒಪ್ಪಿಸಿ ಹೋದ. ಅತ್ತೆಯವರ ಹೊಲಿಗೆ ಯಂತ್ರ ಹಿಂದಿನ ಕೋಣೆಗೆ ಹೋಯಿತು. ಏಸಿ ಮತ್ತೆ ಮೊದಲಿನಂತೆ ಮಂಜು ಸುರಿಸತೊಡಗಿತು. ನಾನು ಮಣೆ ಹಾಸಿ ಕೂತೆ. ಎದುರು ಚಿಲಕದ ಸದ್ದಾಗಲಿಲ್ಲ. ಮಾರನೆಯ ಸಂಜೆಯೂ ಆಗಲಿಲ್ಲ. ಕೊನೆಗೆ ಎರಡೂ ಕಡೆಯ ಕಾಯಿಗಳನ್ನು ನಾನೇ ನಡೆಸಿದೆ. ನಾನು ಕಣ್ಣು ತಪ್ಪಿಸಿದಾಗ ಎದುರಿನವನು ಕಾಯಿ ಸರಿಸುತ್ತಿದ್ದಾನೆ ಎಂಬ ಅನುಮಾನ ಬಂತು. ಎದುರಿನವನೂ ನಾನೇ ಎಂಬುದು ನೆನಪಾದರೂ ಅದು ಹೋಗಲಿಲ್ಲ. ಅಷ್ಟು ತಂಪಿನಲ್ಲಿ ಅಷ್ಟು ಸಂಕಟ ನನಗೆ ಎಂದೂ ಆಗಿರಲಿಲ್ಲ. ಊಟಕ್ಕೆ ಕರೆದ ಹೆಂಡತಿ ನನ್ನ ಮುಖ ನೋಡಿ, ಕುರ್ಚಿಯ ಮೇಲೆ ಬಿದ್ದಿದ್ದ ಶಾಲನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟಳು.

ಮರುದಿನ ಸಂಜೆ ಗಾಳಿ ಪೂರ್ತಿ ಬಿದ್ದುಹೋಗಿತ್ತು. ಮೆಟ್ಟಿಲ ಕಬ್ಬಿಣದ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುವಂಥ ಸೆಕೆ. ನಾನು ಆ ಉಣ್ಣೆಯ ಶಾಲನ್ನು ಕತ್ತಿನವರೆಗೂ ಹೊದ್ದು, ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಎದುರು ಬಾಗಿಲು ತಟ್ಟಿದೆ. ಕಂಪೌಂಡರೇ ತೆಗೆದರು. ಶಾಲು ನೋಡಿದರು, ಮಣೆ ನೋಡಿದರು, ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ನಾನೇ ಒಳಗೆ ಹೋಗಿ ಕೂತೆ. ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಬೆವರು ಕಿವಿಯ ಹಿಂದಿನಿಂದ ಹೊರಟು ಬೆನ್ನಿಗಿಳಿಯಿತು.

"ನಿಮ್ಮ ಮನೇಲಿ ಏನು ಚಳಿ," ಎಂದೆ.

ಅವರು ಎದುರಿಗೆ ಕೂತು ಕಾಯಿಗಳನ್ನು ಜೋಡಿಸಿದರು. ಆಟ ಶುರುವಾಯಿತು. ಅವರ ಒಂಟೆ ಒಂದು ಕಡೆಯಿಂದ ಹೊರಟಿತು, ಆನೆ ಇನ್ನೊಂದು ಕಡೆಯಿಂದ. ನನ್ನ ಮಂತ್ರಿ ಯಾವಾಗ ಹೋಯಿತೋ ತಿಳಿಯಲೇ ಇಲ್ಲ. ಬೆವರು ಒರೆಸಿಕೊಂಡು ನೋಡುವಷ್ಟರಲ್ಲಿ ನನ್ನ ರಾಜನಿಗೆ ನಿಲ್ಲಲು ಮನೆಯಿರಲಿಲ್ಲ. ಅಷ್ಟು ಬೇಗ ನಾನು ಎಂದೂ ಸೋತಿರಲಿಲ್ಲ. ಬೇಸಿಗೆಯೆಲ್ಲ ನಾನು ಗೆದ್ದ ಆಟಗಳು ಒಂದೊಂದಾಗಿ ನೆನಪಿಗೆ ಬಂದವು. ಅವುಗಳಲ್ಲಿ ಒಂದರ ಮೇಲೂ ಈಗ ನನಗೆ ನಂಬಿಕೆ ಉಳಿಯಲಿಲ್ಲ.

"ಇದೊಂದಾದ್ರೂ ನಿಜವಾದ ಆಟ ತಾನೇ?" ಎಂದು ಕೇಳಿದೆ.

"ಅನುಮಾನ ಇದ್ರೆ ಇನ್ನೊಂದು ಸಲ ಸೋಲಿಸ್ತೀನಿ," ಎಂದರು ಕಂಪೌಂಡರು. ಕಾಯಿಗಳನ್ನು ಮತ್ತೆ ಜೋಡಿಸುತ್ತ, ತಲೆಯೆತ್ತದೆ, "ಆ ಶಾಲು ತೆಗೀರಿ ಸೀಲಪ್ಪ, ಮೈಯೆಲ್ಲ ಬೆವರುಸಾಲೆ ಏಳುತ್ತೆ," ಎಂದರು.

ಶಾಲು ತೆಗೆದೆ. ಆ ಸಂಜೆ ಮೂರು ಆಟ ಆಡಿದೆವು, ಮೂರರಲ್ಲೂ ಮಣ್ಣು ಮುಕ್ಕಿದೆ. ಮನೆಗೆ ಹೊರಟಾಗ ನೋಡುತ್ತೇನೆ, ನಮ್ಮ ಮನೆಯ ಬಾಗಿಲು ಹಾರುಹೊಡೆದಿತ್ತು, ಒಳಗಿನ ತಂಪೆಲ್ಲ ಅವರ ಹೊಸ್ತಿಲವರೆಗೂ ಬಂದು ಹೋಗಿತ್ತು. ಹೋಗುವಾಗ ನಾನೇ ಬಾಗಿಲು ಹಾಕಲು ಮರೆತಿದ್ದೆ.